ಕಲ್ಮೇಶನಿಗೆ ಬಾಯಿ ಬಂದ ದಿನ

ಗುರುಪುತ್ರಪ್ಪನವರ ಎರಡು ದವಡೆ ಹಲ್ಲು ಕೀಳಿಸಿದ್ದೇ ಎಲ್ಲಕ್ಕೂ ಮೂಲ.

ಖಾನಾಪುರದ ಒಂದು ಸರಕಾರಿ ಕಚೇರಿಯಲ್ಲಿ ಅವರು ಹೆಡ್ ಕ್ಲರ್ಕು. ಯಾವ ಇಲಾಖೆ ಎಂದು ಹೇಳಿದರೆ, ತಮ್ಮನ್ನು ಬಿಟ್ಟರೆಂದು ಉಳಿದ ಇಲಾಖೆಯವರು ಬೇಸರಪಟ್ಟುಕೊಂಡಾರು. ಆ ಕಚೇರಿಯಲ್ಲಿ ಯಾರೇ ನಿವೃತ್ತರಾಗಲಿ, ವರ್ಗವಾಗಲಿ, ಸತ್ತುಹೋಗಲಿ, ಭಾಷಣ ಗುರುಪುತ್ರಪ್ಪನವರದೇ. ಮೂರಕ್ಕೂ ಭಾಷಣ ಒಂದೇ; ಕೊನೆಗೆ ಆರೋಗ್ಯ ಕೋರುವುದೋ ಶಾಂತಿ ಕೋರುವುದೋ ಎಂಬುದಷ್ಟೇ ಹೆಚ್ಚುಕಡಿಮೆ. ಎರಡು ಸಾವಿರದ ಇಸವಿಯ ಮೇ ತಿಂಗಳ ಕೊನೆಯ ದಿನ ಕಚೇರಿಯ ಮುಖ್ಯಸ್ಥ ಬಸಯ್ಯ ಸಾಹೇಬರು ನಿವೃತ್ತರಾಗುವವರಿದ್ದರು. ಅಂದು ಬೆಳಿಗ್ಗೆ ಗುರುಪುತ್ರಪ್ಪನವರು ಬಾಯಿಗೆ ಹತ್ತಿ ತುಂಬಿಸಿಕೊಂಡು, ಕದ್ದ ಕಡುಬು ನುಂಗಲೂ ಆಗದೆ ಉಗುಳಲೂ ಆಗದೆ ಸಿಕ್ಕಿಬಿದ್ದವರ ಮುಖದಲ್ಲಿ ಬಂದರು. ಕಚೇರಿಯನ್ನೊಮ್ಮೆ ಸುತ್ತಿದ ಅವರ ಬೆರಳು, ಬೀಳ್ಕೊಡುಗೆಗೆಂದು ಉಪಕಚೇರಿಯಿಂದ ಬಂದಿದ್ದ ಗುಮಾಸ್ತ ಕಲ್ಮೇಶನ ಮೇಲೆ ಬಂದು ನಿಂತಿತು.

"ನೀ ಭಾಷಣದ ಕ್ಲಾಸಿಗೆ ಹೋಗತಿಯಲ್ಲೋ. ನೀನ ಮಾತಾಡು."

ಕ್ಲಾಸಿಗೆ ಹೋಗುತ್ತಿದ್ದುದು ಖರೆ. ಕಲ್ಮೇಶನ ಅಪ್ಪ ಬಾಳಪ್ಪ ಕುರಿ ಕಾಯ್ದವನು; ಗುಡ್ಡದ ಈಚೆ ನಿಂತು ಕೂಗಿದರೆ ಆಚೆಯ ಕುರಿ ಹೊಳ್ಳಿ ಬರುತ್ತಿದ್ದವು. ಮಗನ ಧ್ವನಿ ಮಾತ್ರ ಎದುರಿನ ಮೇಜನ್ನೂ ದಾಟುತ್ತಿರಲಿಲ್ಲ. ಅದೇ ಕಾರಣಕ್ಕೆ ಅವನು ಘಟ್ಟದ ಅಂಚಿನ ಉಪಕಚೇರಿಯೊಂದರಲ್ಲಿ ಕೊಳೆಯುತ್ತಿದ್ದ. ಮಳೆಗಾಲವಿಡೀ ಅಲ್ಲಿ ಅಂಗಿ ಒಣಗುವುದಿಲ್ಲ, ದಾರಿಗೆ ಮರ ಬಿದ್ದರೆ ಇರುವ ಒಂದು ಬಸ್ಸೂ ಬರುವುದಿಲ್ಲ. ಹೆಂಡತಿ ಪ್ರಮಿಳಾ ಬೆಳಗಾವಿಯ ಶಹಾಪುರದಲ್ಲಿ ಮಗ್ಗದವರಿಗೆ ನೂಲು ಸುತ್ತಿಕೊಡುತ್ತ ಒಬ್ಬಳೇ ಇದ್ದಳು, ಅದೂ ಏಳು ತಿಂಗಳ ಬಸುರಿ. ಬೆಳಗಾವಿಗೆ ಹಾಕಿಸಿಕೊಡಿ ಎಂದು ಕೇಳಲು ಕಲ್ಮೇಶ ಎಷ್ಟೋ ಸಲ ಸಾಹೇಬರ ಮುಂದೆ ಹೋಗಿ ನಿಂತದ್ದುಂಟು. ಅವರು "ಏನಪಾ?" ಎಂದರೆ ಇವನು "ಏನಿಲ್ರಿ" ಎಂದು ತಿರುಗಿ ಬರುತ್ತಿದ್ದ.

ಕೊನೆಗೆ ಪ್ರಮಿಳಾ ತೀರ್ಪು ಕೊಟ್ಟಳು. "ಮಳಿ ಹಿಡಿಯೂದ್ರಾಗ ಬೆಳಗಾವಿಗೆ ಬಂದ್ರ ಬರ್ರಿ. ಇಲ್ಲಂದ್ರ ನಾ ಗೋಕಾಕಿಗೆ ತವರಮನಿಗೆ ಹೊಂಟೆ. ಅಲ್ಲೇ ಇರಾಕಿ. ಕೂಸು ಅಪ್ಪ ಯಾರಂತ ಕೇಳಿದ್ರ ನಿಮ್ಮ ಫೋಟೋ ತೋರಸ್ತೇನಿ."

ಹೀಗಾಗಿ ಕಲ್ಮೇಶ ಪ್ರಸಾದ ಸರ್ ಅವರ ರವಿವಾರದ ಭಾಷಣದ ಕ್ಲಾಸಿಗೆ ಸೇರಿದ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಮೆಣಸಿನಕಾಯಿ ಗೋದಾಮಿನ ಮೇಲಿನ ಕೋಣೆ ಅದು. ಸೀನದೆ ಒಂದು ವಾಕ್ಯ ಮುಗಿಸುವುದೇ ಅಲ್ಲಿಯ ಮೊದಲ ಪರೀಕ್ಷೆ. ಸರ್ ಹೇಳಿಕೊಟ್ಟದ್ದು ಇಷ್ಟು: ಸಭೆಯಲ್ಲಿ ಒಬ್ಬರನ್ನೇ ನೋಡಿ ಮಾತಾಡು, ಆಡುವುದನ್ನು ನೀನು ಮೊದಲು ನಂಬು, ಬರೀ ಹೊಗಳಬೇಡ, ಕಣ್ಣಿಗೆ ಕಟ್ಟುವ ಹಾಗೆ ಒಂದು ಪ್ರಸಂಗ ಹೇಳು.

ವಿದ್ಯೆ ಫಲಿಸಿತ್ತು. ಆ ಬೆಳಿಗ್ಗೆಯೇ ಕಲ್ಮೇಶ ಸಾಹೇಬರ ಕೋಣೆಗೆ ಹೋಗಿ, ಅವರನ್ನು ನೆಟ್ಟಗೆ ನೋಡಿ, ಬೇಕಾದ್ದನ್ನು ಕೇಳಿಬಿಟ್ಟಿದ್ದ. ಅವನಿಗೇ ನಂಬಿಕೆ ಬರಲಿಲ್ಲ. ಬಸಯ್ಯ ಸಾಹೇಬರು ಮೆತ್ತಗಿನ ಮನುಷ್ಯ; ಕನ್ನಡದಲ್ಲಿ ಕೇಳಿದರೂ ಹೂಂ, ಮರಾಠಿಯಲ್ಲಿ ಕೇಳಿದರೂ ಹೂಂ. ಇಲ್ಲ ಎನ್ನುವ ಶಬ್ದ ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಕೊನೆಯ ದಿನವಾದ್ದರಿಂದ ಆಗಲೇ ಟೈಪಿಸ್ಟ್ ಮನಿಷಾಬಾಯಿಗೆ ಬೇಕಾದ ಕಡೆ ವರ್ಗದ ಆದೇಶಕ್ಕೆ ಓದದೆಯೇ ರುಜು ಹಾಕಿದ್ದರು. ಅವಳು ಕೇಳಿದ್ದು ಅರ್ಧ ಮಾತು. ಉಳಿದರ್ಧವನ್ನು ಸಾಹೇಬರೇ ಮುಗಿಸಿಕೊಂಡಿದ್ದರು.

"ಇಷ್ಟ ಅಲಾ? ಮದಲ ಯಾಕ ಬಾಯಿ ಬಿಡಲಿಲ್ಲೋ?" ಎಂದರು ಕಲ್ಮೇಶನಿಗೆ. "ನಿಯಮದಾಗ ಕೂಡೂದಿಲ್ಲ ಖರೆ, ಇರಲಿ. ಆದೇಶ ಟೈಪ್ ಮಾಡಿಸಿ ಮೇಜಿನ ಮ್ಯಾಲ ಇಡು. ಕಾರ್ಯಕ್ರಮ ಮುಗದ ಮ್ಯಾಲ ಸಹಿ ಮಾಡತೇನಿ."

ಇಂಥವರನ್ನು ಹೊಗಳಿ ನಾಲ್ಕು ಮಾತಾಡುವುದು ಕಲ್ಮೇಶನಿಗೆ ಋಣ ತೀರಿಸಿದ ಹಾಗೆ ಅನಿಸಿತು. ಒಪ್ಪಿಕೊಂಡ.

ಮಧ್ಯಾಹ್ನ ಸಭೆ ಸೇರಿತು. ವೇದಿಕೆಯ ಮೇಲೆ ಸಾಹೇಬರು, ಅವರ ಹೆಂಡತಿ ಕಾಂತಾಬಾಯಿ, ಬೆಳಗಾವಿಯಿಂದ ಬಂದ ಜಿಲ್ಲಾ ಅಧಿಕಾರಿ. ಮೊದಲು ಮಾತಾಡಿದವರೆಲ್ಲ ಸಾಹೇಬರು ದೇವರಂಥವರು ಎಂದರು. ಸಭಿಕರು ದೇವರ ಗೊಡವೆಗೆ ಹೋಗದೆ, ಬಾಗಿಲ ಬಳಿ ಮುಚ್ಚಿಟ್ಟ ಕುಂದಾ ಮಿಠಾಯಿಯ ತಟ್ಟೆಗಳ ಕಡೆ ನೋಡುತ್ತಿದ್ದರು. ಕಾಂತಾಬಾಯಿ ಆಕಳಿಕೆಯನ್ನು ಸೆರಗಿನಲ್ಲಿ ಅಡಗಿಸಿಕೊಂಡರು. ಜಿಲ್ಲಾ ಅಧಿಕಾರಿ ಗಡಿಯಾರ ನೋಡಿಕೊಂಡರು. ಆಮೇಲೆ ಕಲ್ಮೇಶನ ಹೆಸರು ಕರೆದರು.

ಮೈಕಿನ ಮುಂದೆ ನಿಂತದ್ದೇ ಬರೆದು ಬಾಯಿಪಾಠ ಮಾಡಿದ್ದೆಲ್ಲ ತಲೆಯಿಂದ ಇಳಿದುಹೋಯಿತು. ಕಲ್ಮೇಶ ಸಾಹೇಬರನ್ನೇ ನೋಡಿದ. ಒಂದು ಪ್ರಸಂಗ ಹೇಳಬೇಕು. ಸಾಹೇಬರ ನೌಕರಿಯಲ್ಲಿ ಪ್ರಸಂಗ ಎನ್ನುವಂಥದ್ದು ಒಂದೂ ನಡೆದಿರಲಿಲ್ಲ. ಗಾಬರಿಯಲ್ಲಿ ಮನುಷ್ಯನಿಗೆ ನೆನಪಾಗುವುದು ಅವನ ದುಃಖ ಒಂದೇ.

"ನಮ್ಮ ಸಾಹೇಬ್ರ ಕಡೆ ಒಮ್ಮೆ ಒಬ್ಬ ನೌಕರ ಬಂದಿದ್ದಾ" ಎಂದು ಶುರುಮಾಡಿದ. "ಹೆಂಡತಿ ಬಸರಿ. ಅಕಿ ಒಂದೂರಾಗ, ಇಂವಾ ಒಂದೂರಾಗ. ಮನಿಯಾಗ ನೀರ ಕೊಡಾಕ ಸುದ್ದಾ ಯಾರೂ ಇಲ್ಲ. ಸಾಹೇಬ್ರ, ನನ್ನ ಊರಿಗೆ ಹಾಕ್ರಿ ಅಂತ ಕಾಲ ಹಿಡಕೊಂಡಾ."

ಸಭೆ ಕುಂದಾ ಮರೆತು ಇತ್ತ ನೋಡಿತು. ತನ್ನದೇ ಕತೆಯಾದ್ದರಿಂದ ಕಲ್ಮೇಶನಿಗೆ ಮಾತು ತಾನಾಗಿಯೇ ಬಂತು. ಅಂಥ ಮಾತನ್ನು ಪ್ರಸಾದ ಸರ್ ಕೂಡ ಕಲಿಸಲಾರರು. ದಯಾಳು ಸಾಹೇಬರು ಆ ನೌಕರನ ಕೈ ಹಿಡಿದೆತ್ತಿದರು ಎಂದು ಮುಗಿಸುವವನಿದ್ದ. ಅಷ್ಟರಲ್ಲಿ ಜಿಲ್ಲಾ ಅಧಿಕಾರಿ ಕುರ್ಚಿಯನ್ನು ಮುಂದೆ ಎಳೆದುಕೊಂಡದ್ದು ಕಣ್ಣಿಗೆ ಬಿತ್ತು. ನಿಯಮ ಮೀರಿ ವರ್ಗ ಮಾಡಿದರು ಎಂದು ಅವರ ಮುಂದೆಯೇ ಮೈಕಿನಲ್ಲಿ ಹೇಳಿದರೆ ಸಾಹೇಬರ ಪಿಂಚಣಿಗೇ ಕುತ್ತು. ಕಲ್ಮೇಶ ನಡುದಾರಿಯಲ್ಲಿ ಬಂಡಿ ಹೊರಳಿಸಿದ.

"ಸಾಹೇಬ್ರ ಕಣ್ಣಾಗ ನೀರ ಬಂತು. ಆದ್ರ ಇಲ್ಲ ಅಂದರು. ತಮ್ಮಾ, ಇವತ್ತ ನಿನಗ ಕೊಟ್ರ, ನಾಳೆ ಕೇಳಾಕ ಬಾಯಿ ಇಲ್ಲದಾಂವಗ ನಾ ಯಾವ ಮಾರಿ ತೋರಸಲಿ? ಅಂದರು. ಆ ನೌಕರ ಸಿಟ್ಟಿಗೇಳಲಿಲ್ರಿ. ಕೈ ಮುಗದು ಹೋದಾ."

ಕಾಂತಾಬಾಯಿ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡು, ಹೆಣ್ಣು ನೋಡಲು ಬಂದವನನ್ನು ಕದ್ದು ನೋಡುವ ಹಾಗೆ ಗಂಡನ ಕಡೆ ನೋಡಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಮೊದಲ ಚಪ್ಪಾಳೆ ಜಿಲ್ಲಾ ಅಧಿಕಾರಿಯದು. ಆ ಕಚೇರಿಯಲ್ಲಿ ಬೀಳ್ಕೊಡುಗೆಯ ಭಾಷಣವನ್ನು ಜನ ನಂಬಿದ್ದು ಅದೇ ಮೊದಲು. ಎಲ್ಲರಿಗಿಂತ ಹೆಚ್ಚು ನಂಬಿದವರು ಯಾರು ಎಂಬುದು ಕಲ್ಮೇಶನಿಗೆ ಅರ್ಧ ತಾಸಿನ ಮೇಲೆ ತಿಳಿಯಿತು.

ಸಾಹೇಬರು ಶಾಲು ಹೊದ್ದುಕೊಂಡೇ ಕೋಣೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ಕಾಂತಾಬಾಯಿ. ಮೇಜಿನ ಮೇಲೆ ಆದೇಶದ ಹಾಳೆ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಕಲ್ಮೇಶ ಹಾಳೆಯನ್ನು ಅವರ ಕಡೆ ಇಷ್ಟು ಸರಿಸಿದ.

"ಕಲ್ಮೇಶ, ಆ ನೌಕರ ಯಾರೋ?"

"ಯಾವಾಂವ್ರಿ?"

"ಅಂವಾ, ನಾ ಇಲ್ಲ ಅಂದೆನಲ್ಲ. ಎಷ್ಟ ಮಂದಿ ಬರತಾರ ಹೋಗತಾರ, ನೆನಪ ಉಳಿಯಂಗಿಲ್ಲ ನೋಡು. ಪಾಪ, ಕೈ ಮುಗದು ಹೋದ ಅಂದಿ." ಸಾಹೇಬರು ಪೆನ್ನು ಕೆಳಗಿಟ್ಟರು. "ಅವಂದೂ ಹೆಂಡತಿ ಬಸರಿ, ನಿಂದೂ ಹೆಂಡತಿ ಬಸರಿ. ಅವಗ ಇಲ್ಲ ಅಂದು ನಿನಗ ಹೂಂ ಅಂದ್ರ, ಅವಗ ಅನ್ಯಾಯ ಆಗೂದಿಲ್ಲೇನು?"

ಅಂಥ ನೌಕರ ಭೂಮಿಯ ಮೇಲೆ ಇಲ್ಲ, ನಾನೇ ಹುಟ್ಟಿಸಿದ್ದು ಎನ್ನಲು ಕಲ್ಮೇಶ ಬಾಯಿ ತೆರೆದ. ಕಾಂತಾಬಾಯಿ ಇನ್ನೂ ಒದ್ದೆಗಣ್ಣಿನಿಂದ ಗಂಡನನ್ನೇ ನೋಡುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅಂಥದೊಂದು ನೋಟ ಹಿಂದೆಂದಾದರೂ ಸಿಕ್ಕಿದ್ದ ಗುರುತು ಸಾಹೇಬರ ಮುಖದಲ್ಲಿರಲಿಲ್ಲ. ಅದನ್ನು ಕಸಿದುಕೊಂಡವನಿಗೆ ಸಹಿ ಅಂತೂ ಸಿಗುವುದಿಲ್ಲ.

"ಬರೊಬ್ಬರಿ ಐತ್ರಿ" ಎಂದ ಕಲ್ಮೇಶ.

"ಬೆಳಿಗ್ಗೆ ಕೇಳಿದಾಗನ ಸಹಿ ಮಾಡಿದ್ರ ಆಗಿಹೋಗತಿತ್ತು. ನೀ ಮಾತಾಡಿದ ಮ್ಯಾಲ ಕೈ ಏಳವಲ್ದು" ಎಂದು ಸಾಹೇಬರು ಹಾಳೆಯನ್ನು ಎರಡಾಗಿ ಹರಿದರು. ಆ ಹುರುಪಿನಲ್ಲಿ ಇನ್ನೊಂದು ಹಾಳೆ ತೆಗೆದು, ಮರುದಿನ ಬರಲಿರುವ ಹೊಸ ಸಾಹೇಬರಿಗೆ ತಾವೇ ನಾಲ್ಕು ಸಾಲು ಬರೆದಿಟ್ಟರು: ಕಲ್ಮೇಶ ಯೋಗ್ಯ ಮನುಷ್ಯ, ಇಂಥವನನ್ನು ಈ ತಾಲೂಕಿನಿಂದ ಬಿಡಬಾರದು.

ಹೊರಗೆ ಎಲ್ಲರೂ ಅವನ ಕೈ ಕುಲುಕಿದರು. ಮನಿಷಾಬಾಯಿ ತನಗೆ ಅಳುವೇ ಬಂತೆಂದಳು; ಬೆಳಗಿನ ಆದೇಶ ಅವಳ ಬ್ಯಾಗಿನಲ್ಲಿ ಭದ್ರವಾಗಿತ್ತು. ಗುರುಪುತ್ರಪ್ಪನವರು ಮಾತ್ರ ಮೂಲೆಗೆ ಕರೆದು, ವಿಷಯ ಕೇಳಿಕೊಂಡು, ಹತ್ತಿಯ ನಡುವಿನಿಂದ ಹೇಳಿದರು: "ಮೂವತ್ತ ವರ್ಷ ಆತು ಭಾಷಣಾ ಮಾಡಾಕ ಹತ್ತಿ. ಒಬ್ಬಾಂವನೂ ಕೇಳಿಲ್ಲ. ಅದಕ್ಕ ಒಬ್ಬಗೂ ಲುಕ್ಸಾನ ಆಗಿಲ್ಲ."

ಸಾಹೇಬರ ಜೀಪು ಹೊರಟಿತು. ಗೇಟಿನ ಹತ್ತಿರ ನಿಂತಿತು. ಕಾಂತಾಬಾಯಿ ಹೊರಗೆ ತಲೆ ಹಾಕಿ ಕಲ್ಮೇಶನನ್ನು ಕರೆದರು. ಬರುವ ರವಿವಾರ ಬೆಳಗಾವಿಯ ಮನೆಗೆ ಬೀಗರೆಲ್ಲ ಬರುವವರಿದ್ದಾರಂತೆ. ಬೀಗರಿಗೆ ಸಾಹೇಬರೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅವರ ಮುಂದೆ ಆ ಬಡ ನೌಕರನ ಕತೆಯನ್ನು ಇನ್ನೊಮ್ಮೆ ಹೇಳಬೇಕು, ಹೀಗೇ ಹೇಳಬೇಕು.

"ಬೆಳಗಾವಿಗೆ ಬರಾಕ ನಿನಗೇನ ತ್ರಾಸ ಇಲ್ಲಲ್ಲಪಾ?" ಎಂದರು.

"ಏನ ತ್ರಾಸ ಇಲ್ರಿ ಬಾಯಾರ" ಎಂದ ಕಲ್ಮೇಶ. ಜೀಪಿನ ಸದ್ದನ್ನೂ ಮೀರಿ ಅದು ರಸ್ತೆಯ ಆಚೆಯವರೆಗೆ ಸ್ಪಷ್ಟವಾಗಿ ಕೇಳಿಸಿತು.