ಫರ್ವಾನಿಯಾದ ತಿರುವಿನಲ್ಲಿ ಹಳದಿ, ಕೆಂಪು ಪಟ್ಟೆಗಳು

ಕೆಲಸ ಕಳೆದುಕೊಂಡವನು ಯೂದಿ. ಹೆದರಿದವರು ನಾವು, ದೂರು ಬರೆದವರು ನಮ್ಮ ಕಟ್ಟಡದ ಮೇಲ್ವಿಚಾರಕರು, ಆ ದೂರನ್ನು ನಂಬಿದ್ದು ಊಟ ತಲುಪಿಸುವ ಅವನ ಕಂಪನಿ. ಇಲ್ಲಿ ವಾಸಿಸಲು ಬೇಕಾದ ಪರವಾನಗಿ, ಅಂದರೆ ಇಕಾಮಾ, ರದ್ದಾದೀತೆಂದು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿರುವವನು ಮಾತ್ರ ಅವನೊಬ್ಬನೇ. ತಪ್ಪನ್ನು ಹೆಸರಿಟ್ಟು ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಅಲ್ಲಿ ಪರೀಕ್ಷೆಯಿರಲಿಲ್ಲ, ಬೆತ್ತವಿರಲಿಲ್ಲ, ಎಲ್ಲದಕ್ಕೂ ಚರ್ಚೆಯಿತ್ತು. ಅದರ ಫಲವನ್ನು ಮದುವೆಯಾದಂದಿನಿಂದ ನನ್ನ ಯಜಮಾನರು ಉಣ್ಣುತ್ತಿದ್ದಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಹೊಣೆ ಯಾರದೆಂದು ನಿರ್ಧಾರವಾಗದೆ ನಮ್ಮ ಮನೆಯಲ್ಲಿ ಊಟ ಮುಂದುವರಿಯುವುದಿಲ್ಲ. ಬಹುಪಾಲು ಹೊಣೆ ಅವರದೇ ಆಗಿರುತ್ತದೆ.

ಕುವೈತಿನ ಫರ್ವಾನಿಯಾದಲ್ಲಿರುವ ನಮ್ಮ ಕಟ್ಟಡದ ಮಗ್ಗುಲಲ್ಲಿ ಮೂರು ದಾರಿಗಳು ಕೂಡುವ ಒಂದು ತಿರುವಿದೆ. ಈ ಬೇಸಿಗೆಯ ಒಂದು ಶನಿವಾರ ಬೆಳಿಗ್ಗೆ ಅಲ್ಲಿನ ಡಾಂಬರಿನ ಮೇಲೆ ಹಳದಿ, ಕೆಂಪು ಪಟ್ಟೆಗಳು ಕಾಣಿಸಿಕೊಂಡವು. ಕೆಳಮಹಡಿಯ ಶೇಖರಣ್ಣ ಉಡುಪಿ ಕಡೆಯವರು, ಇಲ್ಲಿನ ಹೋಟೆಲೊಂದರಲ್ಲಿ ಕ್ಯಾಷಿಯರ್. ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. “ಅಕ್ಕ, ಇದು ಅರಶಿನ ಕುಂಕುಮವೇ. ಮೂರು ದಾರಿ ಸೇರುವಲ್ಲಿ ಮತ್ತೆಂತ ಇಡ್ತಾರೆ? ದಾಟ್ಬೇಡಿ ಮಾರಾಯ್ರೆ” ಎಂದರು. ಮೂಢನಂಬಿಕೆಯ ಸಾಮಾಜಿಕ ಪರಿಣಾಮಗಳನ್ನು ಕುರಿತು ನಾನು ಅವರಿಗೆ ಸವಿಸ್ತಾರವಾಗಿ ಉಪನ್ಯಾಸ ಕೊಟ್ಟೆ. ಎದುರಿನ ಫುಟ್‌ಪಾತಿಗೆ ದಾಟಿ, ಅಲ್ಲಿ ನಿಂತು ಕೊಟ್ಟೆ. ಅಂದಿನಿಂದ ಇಡೀ ಕಟ್ಟಡವೇ ಸುತ್ತು ಹಾಕಿ ನಡೆಯತೊಡಗಿತು. ದೂಳಿನ ಗಾಳಿ ಬೀಸಿ ಪಟ್ಟೆಗಳು ಮಾಸಿದರೆ ಮುಂದಿನ ಶನಿವಾರ ಮತ್ತೆ ಹೊಸದಾಗಿ ಹೊಳೆಯುತ್ತಿದ್ದವು. ಬಳಿಯುವವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಇಲ್ಲಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಬೀದಿಗಳು ಎಲ್ಲರೂ ಬಿಟ್ಟುಹೋದ ಊರಿನಂತಾಗುತ್ತವೆ. ಅಂಗಡಿಗಳು ಮುಚ್ಚಿರುತ್ತವೆ, ಬಿಸಿಲಿಗೆ ನೆರಳೂ ಸುಟ್ಟುಹೋದಂತಿರುತ್ತದೆ. ಗೋಡೆಗಳಿಗೆ ತಗುಲಿಸಿದ ಎ.ಸಿ. ಪೆಟ್ಟಿಗೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಕೇಳಿಸುತ್ತಿರುತ್ತದೆ. ಅಂಥ ಒಂದು ಹೊತ್ತಿನಲ್ಲಿ ಮಗಳು ಕಿಟಕಿಯ ಬಳಿಯಿಂದ ಮೆಲ್ಲಗೆ, “ಅಮ್ಮ, ಹಿ ಹ್ಯಾಸ್ ನೋ ಫೇಸ್” ಎಂದಳು. ನಾನೂ ನೋಡಿದೆ. ಹೆಲ್ಮೆಟ್ಟಿನ ಕಪ್ಪು ಗಾಜು ಇಳಿಸಿದ್ದ ಒಂದು ಆಕೃತಿ ನಡುರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತಿತ್ತು. ಹತ್ತಿರ ಬೈಕೇ ಇರಲಿಲ್ಲ. ತಿರುವಿಗೆ ಬಂದು ಮಂಡಿಯೂರಿ, ಕೈಗವಸು ಕಳಚಿ, ಸುಡುವ ಡಾಂಬರಿನ ಮೇಲೆ ಅಂಗೈ ಇರಿಸಿತು. ರೋಗಿಯ ಎದೆ ಮುಟ್ಟಿ ನೋಡುವಂತೆ. ಬಳಿಕ ಎದ್ದು, ಇಲ್ಲದ ಹ್ಯಾಂಡಲನ್ನು ಎರಡೂ ಕೈಗಳಲ್ಲಿ ಹಿಡಿದು, ಮೈಯನ್ನು ಎಡಕ್ಕೆ ಬಾಗಿಸಿತು, ಬಲಕ್ಕೆ ಬಾಗಿಸಿತು. ಮೂಢನಂಬಿಕೆಯನ್ನು ಮುಖಾಮುಖಿ ಎದುರಿಸುವುದು ನಮ್ಮ ಕರ್ತವ್ಯವೆಂದು ಮಗಳಿಗೆ ವಿವರಿಸಿ, ಯಜಮಾನರನ್ನು ಮುಂದೆ ಬಿಟ್ಟುಕೊಂಡು ನಾನು ಕೆಳಗಿಳಿದೆ.

ಗಾಜು ಮೇಲೆತ್ತಿದಾಗ ಒಳಗೊಂದು ನಗುಮುಖವಿತ್ತು. ವಾರಕ್ಕೆರಡು ಬಾರಿ ನಮಗೆ ಊಟ ತರುತ್ತಿದ್ದ ಯೂದಿ! ಪೊಟ್ಟಣಕ್ಕಿಂತ ಮೇಲೆ ನಾನೆಂದೂ ಕಣ್ಣು ಹಾಯಿಸಿರಲಿಲ್ಲ. ಹಿಂದಿ, ಅರಬ್ಬಿ ಬೆರೆಸಿ ಅವನು ತನ್ನ ಚರಿತ್ರೆ ಹೇಳಿದ. ವಿನಯವೆಂಬುದು ಅವನಲ್ಲಿ ಲವಲೇಶವೂ ಇರಲಿಲ್ಲ. ಇಂಡೊನೇಷ್ಯಾದಲ್ಲಿ, ಪೇಟೆಯ ಬೀದಿಗಳನ್ನೇ ಮುಚ್ಚಿ ನಡೆಸುವ ಪುಟ್ಟ ಬೈಕುಗಳ ಪಂದ್ಯದಲ್ಲಿ ಶುರುಮಾಡಿ, ರಾಷ್ಟ್ರಮಟ್ಟಕ್ಕೇರಿ, ತಂಡದೊಂದಿಗೆ ಹೊರದೇಶಗಳಲ್ಲೂ ಓಡಿಸಿದವನು ತಾನು. ತನ್ನ ಬೆನ್ನು ಮಾತ್ರ ನೋಡಿದವರು ಬಹಳ ಮಂದಿ ಎಂದ. ಒಂದು ಪಂದ್ಯದಲ್ಲಿ ತಿರುವು ಒದ್ದೆಯಾಗಿತ್ತು, ಎಚ್ಚರಿಸುವ ಬಾವುಟವನ್ನು ತಡವಾಗಿ ಬೀಸಿದರು, ಮಂಡಿ ಪುಡಿಯಾಯಿತು, ತಂಡ ಬೇರೊಬ್ಬನನ್ನು ಹುಡುಕಿಕೊಂಡಿತು. ಕುವೈತಿನಲ್ಲಿ ಬೈಕ್ ತರಬೇತಿ ಶಾಲೆಯೆಂದು ಏಜೆಂಟ್ ಕರೆತಂದ. ಬಂದ ಮೇಲೆ ಬೆನ್ನಹಿಂದೆ ಊಟದ ಪೆಟ್ಟಿಗೆ ಕಟ್ಟಿದರು. ಪಂದ್ಯಕ್ಕೆ ಮುಂಚೆ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡುವ ಪದ್ಧತಿಯನ್ನು ಮಾತ್ರ ಅವನು ಬಿಟ್ಟಿಲ್ಲ. ನಮ್ಮ ಕಟ್ಟಡದ ಎ.ಸಿ. ನೀರು ಈ ತಿರುವಿಗೆ ಹರಿದು, ದೂಳು, ಎಣ್ಣೆ ಸೇರಿ ಲೋಳೆಯಾಗುತ್ತದೆ. ಅವನ ಜೊತೆಯ ಸವಾರರು ಇಲ್ಲಿ ಜಾರಿದ್ದಾರೆ. ಹಳದಿಯ ಮೇಲೆ ಕೆಂಪು ಪಟ್ಟೆಯ ಬಾವುಟವೆಂದರೆ ಪಂದ್ಯದಲ್ಲಿ ‘ಮುಂದೆ ಜಾರುತ್ತದೆ’ ಎಂದರ್ಥವಂತೆ.

“ಸಿಸ್ಟರ್, ರೇಸಿನಲ್ಲಿ ತಿರುವಿಗೊಬ್ಬ ಬಾವುಟ ಹಿಡಿದು ನಿಂತಿರ್ತಾನೆ. ಇಲ್ಲಿ ಯಾರೂ ಇಲ್ಲ. ನಿಲ್ಲೋದಕ್ಕೆ ನನಗೂ ಟೈಮಿಲ್ಲ. ಅದಕ್ಕೇ ಬಾವುಟವನ್ನ ಮಲಗಿಸಿದ್ದೀನಿ.”

ಬಳಿದವನು ಯಾರೆಂಬ ಸುದ್ದಿ ಕಟ್ಟಡದಲ್ಲೆಲ್ಲ ಹಬ್ಬಿ, ಆ ವಾರವೇ ಮೇಲ್ವಿಚಾರಕರು ಪಟ್ಟೆಗಳನ್ನು ತೊಳೆಸಿದರು. ಇಂಡೊನೇಷ್ಯಾದವನೊಬ್ಬ ಬಾಗಿಲಲ್ಲಿ ಮಾಟ ಮಾಡುತ್ತಿದ್ದಾನೆಂದು ಕಂಪನಿಗೆ ಬರೆದರು. ಈ ನಾಡಿನಲ್ಲಿ ಅದು ತಮಾಷೆಯ ಆರೋಪವಲ್ಲ, ಗಡೀಪಾರೂ ಆಗಬಹುದು. ಆರ್ಡರುಗಳು ಬರುವ ಕಂಪನಿಯ ಆ್ಯಪಿನಲ್ಲಿ ತನ್ನ ಹೆಸರು ಬೂದು ಬಣ್ಣಕ್ಕೆ ತಿರುಗಿದೆಯೆಂದು ಯೂದಿ ಫೋನಿನಲ್ಲಿ ಹೇಳಿದ. ಇದ್ದಕ್ಕಿದ್ದಂತೆ ತಾನು ಸತ್ತಂತಾಗಿದೆ ಎಂದ. ಆ ಅನ್ಯಾಯವನ್ನು ಪ್ರತಿಭಟಿಸಿ ಬರಲು ಹೊರಟವಳು, ಈಗ ದಾರಿ ಶುದ್ಧವಾಗಿದೆಯಲ್ಲ ಎಂಬ ಧೈರ್ಯದಿಂದ, ಮೊದಲ ಬಾರಿಗೆ ಸುತ್ತು ಹಾಕದೆ ತಿರುವಿನ ನಡುವೆಯೇ ತಲೆಯೆತ್ತಿ ನಡೆದೆ. ಮುಂದಿನದನ್ನು ನನ್ನ ಬಲ ಮಣಿಕಟ್ಟಿನ ಪ್ಲಾಸ್ಟರ್ ಹೇಳುತ್ತದೆ. “ತೊಳೆದದ್ದಕ್ಕೆ ಅದಕ್ಕೆ ಸಿಟ್ಟು ಬಂದದ್ದು ಅಕ್ಕ” ಎಂದು ಶೇಖರಣ್ಣ ಕಿತ್ತಳೆ ಹಣ್ಣು ತಂದು ಸಮಾಧಾನ ಹೇಳಿದರು. ಮಾಟವೆಂದು ಹೆದರಿದ್ದಷ್ಟು ದಿನ ಕಟ್ಟಡದಲ್ಲಿ ಯಾರೂ ಬೀಳಲಿಲ್ಲ, ಬಿದ್ದವಳು ವಿಚಾರವಾದಿ. ಇದನ್ನು ನಾನು ಹೇಳುತ್ತಿದ್ದೇನೆ, ಯಜಮಾನರು ಬರೆದುಕೊಳ್ಳುತ್ತಿದ್ದಾರೆ. ಬಿದ್ದವಳು ವಿಚಾರವಾದಿ ಎಂಬ ವಾಕ್ಯವನ್ನು ಮಾತ್ರ ಅವರು ಎರಡು ಸಲ ಹೇಳಿಸಿದರು.

ಆದ್ದರಿಂದ, ಕಟ್ಟಡದ ಮೇಲ್ವಿಚಾರಕರೇ: ಎ.ಸಿ. ನೀರಿನ ಪೈಪನ್ನು ಇಂದೇ ಚರಂಡಿಗೆ ತಿರುಗಿಸಿ. ಯೂದಿ ಮಾಟಗಾರನಲ್ಲ, ನಿಮ್ಮ ದೂರು ಸುಳ್ಳು ಎಂದು ನಿಮ್ಮ ಸಹಿಯೊಂದಿಗೆ ಬರೆದುಕೊಡಿ. ಕಂಪನಿಯವರೇ: ಆ ಪತ್ರ ಕೈಸೇರಿದ ದಿನವೇ ಅವನ ಹೆಸರಿಗೆ ಬಣ್ಣ ಮರಳಿಸಿ, ಅವನ ಇಕಾಮಾ ಮುಟ್ಟಬೇಡಿ.