ಹತ್ತು ದಿನ ಮುಚ್ಚಿಟ್ಟ ಒಂಬತ್ತನೇ ನಂಬರ್

ಮಳಿಗಾಲ ಬಂತಂದ್ರ ಮಂದಿಗೆ ನೆಗಡಿ ಹಿಡಿತೈತಿ, ನನಗ ನಮ್ಮ ಫುಟ್‌ಬಾಲ್ ತಂಡದ ಚಿಂತಿ ಹಿಡಿತೈತಿ. ಮಿರಜದಾಗ ಆಟದ ಹಂಗಾಮು ಚಾಲೂ ಆಗೂದು ದಸರಾದ ಮ್ಯಾಲ. ಆದ್ರ ಅದಕ್ಕಿಂತ ಮೊದಲ, ಇನ್ನೂ ಒಂದು ಗೋಲು ಬಿದ್ದಿರಂಗಿಲ್ಲ, ಏನರ ಒಂದು ಅನಾಹುತ ಆಗೇ ಆಗತೈತಿ, ಅದರ ನಟ್ಟನಡುವ ನಾ ಇದ್ದೇ ಇರತೇನಿ.

ಕುಪವಾಡದ ಕಾರಖಾನಿ ವಸಾಹತು ಎಂಐಡಿಸಿಯಾಗ ನಂದೊಂದು ಸಣ್ಣ ಲೇಥ್ ವರ್ಕ್‌ಶಾಪ್ ಐತಿ. ಜನ್ಮದಾಗ ಒಮ್ಮೆನೂ ಚೆಂಡು ಒದ್ದಾಂವ ಅಲ್ಲ ನಾ. ಆದ್ರ ಯಾರು ಎಲ್ಲೆ ಆಡಬೇಕು, ಯಾರನ್ನ ಹೊರಗ ಕುಂಡ್ರಸಬೇಕು ಅನ್ನೂದ್ರಾಗ ನನ್ನಷ್ಟು ಖಾತ್ರಿ ಇದ್ದಾಂವ ಇಡೀ ತಾಲೂಕಿನ್ಯಾಗ ಇಲ್ಲ. ಇದು ಊರಾಗ ಹೊಸಾ ಹೊಸಾ ಮೋಟರ್‌ಸೈಕಲ್ ಬಂದು, ಮನಿ ಮನಿ ಮ್ಯಾಲ ಕೇಬಲ್ ವಾಯರ್ ಹಾದು, ರೈಲಿನ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಾಕ ಹತ್ತಿದ ಕಾಲದ ಸುದ್ದಿ.

೧. ಟೇಲರನ ಹಲಗಿ

ನಮ್ಮ ತಂಡದ ಸೆಕ್ರೆಟರಿ ಒಬ್ಬಾಂವ ಟೇಲರ. ಹಂಗಾಮಿಗಿಂತ ಮೊದಲ ಆಟಗಾರರ ಹೆಸರನ್ನ ಅಂವ ಅಂಗಡಿ ಹೊರಗಿನ ಕರೀ ಹಲಗಿ ಮ್ಯಾಲ, ಬಟ್ಟಿಗೆ ಗುರುತು ಹಾಕೂ ಚಾಕ್‌ಲೆ ಬರೀತಾನ. ಹಾದು ಹೋಗಾವ್ರೆಲ್ಲಾ ನಿಂತು ಓದತಾರ. ಬರೇ ಓದಿದ್ರ ಚಲೋ ಆಗತಿತ್ತು. ಒಬ್ಬಾಂವ ಬೊಟ್ಟಿಗೆ ಉಗುಳು ಹಚ್ಚಿ ಒಂದು ಹೆಸರು ಅಳಸತಾನ, ಇನ್ನೊಬ್ಬಾಂವ ತನ್ನ ಅಳಿಯನ ಹೆಸರು ಬರೀತಾನ. ಸಂಜಿಕ ನೋಡಿದ್ರ ಹದಿನೆಂಟು ಮಂದಿ ಇದ್ದದ್ದು ಇಪ್ಪತ್ತಾರು ಆಗಿರತಾರ, ಅದರಾಗ ಇಬ್ಬರು ಮೊಮ್ಮಕ್ಕಳನ್ನ ಕಂಡಾವ್ರು.

ನಂದೂ ಅಭಿಪ್ರಾಯ ಇದ್ದುವು, ಮುಚ್ಚಿಟ್ಕೊಳ್ಳಾಂವ ಅಲ್ಲ ನಾ. ನಮ್ಮ ಗೋಲ್‌ಕೀಪರ ರೈಲ್ವೆ ಗೇಟ್‌ಮನ್. ದಿನಾ ಗೇಟ್ ಮುಚ್ಚೂದ ಅವನ ಕೆಲಸ, ಮೈದಾನಕ್ಕ ಬಂದ್ರ ಮಾತ್ರ ಸೂಟಿ ಅಂತ ತಿಳದು ತಗದ ಬಿಡತಾನ. ಎಡಗಡೆ ಡಿಫೆಂಡರ ಸಿತಾರ ಮಾಡಾಂವ. ಬೆರಳಿಗೆ ಪೆಟ್ಟಾದ್ರ ಹೊಟ್ಟಿಪಾಡು ಹೋತು ಅಂತ ಎರಡೂ ಕೈ ಬಗಲಾಗ ಇಟ್ಕೊಂಡ ಓಡತಾನ. ಇದಿರಿನ ತಂಡದವ್ರು ಇಂವಗ ಭಾಳ ಸೊಕ್ಕು ಅಂತ ತಿಳದಿದ್ರು. ಹೋದ ವರ್ಷ ಒಮ್ಮೆ ಬಿದ್ದ. ಮೊಣಕಾಲು ಕಿತ್ತು ರಕ್ತ ಸೋರಾಕತ್ತಿತ್ತು, ನಾವೆಲ್ಲಾ ಗಾಬರಿಯಾಗಿ ಓಡಿದ್ವಿ. ಅಂವ ಕುಂತಲ್ಲೇ ಬೆರಳು ಎಣಿಸಿ, ಹತ್ತೂ ಅದಾವ, ಆಟ ನಡೀಲಿ ಅಂದ.

೨. ಅರ್ಧಾ ವಿದ್ಯಾ

ನಮ್ಮ ಕೋಚ್ ಅಂದ್ರ ರಿಟೈರ್ ಆದ ಡ್ರಿಲ್ ಮಾಸ್ತರು. ಆ ವರ್ಷ ಅವರ ಮನಿಗೆ ಕೇಬಲ್ ಬಂತು. ಒಂದು ಪರದೇಶದ ಮ್ಯಾಚ್ ನೋಡಿದ್ರು, ಮರುದಿನ ಮೈದಾನಕ್ಕ ಬಂದು, ನಾವು ಇಷ್ಟು ವರ್ಷ ಆಡಿದ್ದು ಆಟನ ಅಲ್ಲ ಅಂದ್ರು. ಹಿಂದ ಮೂರು, ನಡುವ ಐದು, ಮುಂದ ಎರಡು ಅಂತ ಕಲ್ಲಿಟ್ಟು ತೋರಿಸಿದ್ರು. ಒಬ್ಬರ ಬೆನ್ನಿಗೆ ಒಬ್ಬರು ಓಡ್ರಿ, ಚೆಂಡು ತಡಿಬ್ಯಾಡ್ರಿ, ಕೊಡ್ರಿ, ಕೊಡ್ರಿ ಅಂದ್ರು.

ಖರೇ ಹೇಳತೇನಿ, ಆ ಪ್ರ್ಯಾಕ್ಟೀಸ್ ಮ್ಯಾಚಿನ ಮೊದಲನೇ ಅರ್ಧಾದಾಗ ನಮ್ಮ ಹುಡುಗರು ಆಡಿದ್ದು ನೋಡಿ ನನ್ನ ಕಣ್ಣಾಗ ನೀರು ಬಂತು. ಎರಡು ಗೋಲು. ಎರಡನೇ ಅರ್ಧಾ ಚಾಲೂ ಆತು, ಎಲ್ಲಾರೂ ನಿಂತಲ್ಲೇ ನಿಂತು ಮಾಸ್ತರ ಮುಖಾ ನೋಡಾಕ ಹತ್ತಿದ್ರು. ಮೂರು ಗೋಲು ತಿಂದ್ವಿ. ನಾ ಹಂತ್ಯಾಕ ಹೋಗಿ, ಮುಂದ ಏನ್ ಮಾಡಬೇಕು ಅಂತ ಅವರಿಗೆ ಹೇಳ್ರಲ್ಲರೀ ಅಂದ್ನಿ.

ಮಾಸ್ತರು ಸಣ್ಣ ದನಿಲೆ ಅಂದ್ರು, "ಏನ್ ಹೇಳ್ಲಿ? ಅವತ್ತ ಹಾಫ್‌ಟೈಮಿಗೇ ಕರೆಂಟ್ ಹೋತು."

೩. ನನ್ನ ಬಾಯಿ

ಇಷ್ಟೆಲ್ಲಾ ಇದ್ರೂ ನಾವು ಬದುಕಿದ್ದು ಒಬ್ಬಾಂವನ ಮ್ಯಾಲ. ನಮ್ಮ ಒಂಬತ್ತನೇ ನಂಬರ್. ಖಂಡೇರಾಜುರಿ ಕಡೀ ಕುರಿ ಕಾಯೂ ಮನಿತನದಾಂವ, ಕಲ್ಲುಮುಳ್ಳಿನ್ಯಾಗ ಬರಿಗಾಲಿಲೆ ಓಡಿ ಬೆಳದಾಂವ. ಅವನ ಬೆನ್ನು ಹತ್ತಿದ ಡಿಫೆಂಡರಗಳು ಅರ್ಧಾಕ್ಕ ನಿಂತು ನೀರು ಕೇಳತಿದ್ರು. ಹಲಗಿ ಮ್ಯಾಲ ಯಾರೂ ಉಗುಳು ಹಚ್ಚಿ ಅಳಸದ ಹೆಸರು ಅದೊಂದ.

ನಮ್ಮ ಕಡೀ ಪದ್ಧತಿ ಹಿಂಗ ಐತಿ: ಹಂಗಾಮಿಗಿಂತ ಮೊದಲ ಒಂದು ದಿನ ಗೊತ್ತು ಮಾಡತಾರ. ಅವತ್ತ ಸಂಜಿ ಐದರೊಳಗ ಆಟಗಾರ ಸ್ವತಾ ಫುಟ್‌ಬಾಲ್ ಸಂಘದ ಆಫೀಸಿಗೆ ಬಂದು ಸಹಿ ಮಾಡಬೇಕು. ಯಾವ ತಂಡದ ಕಾಗದದ ಮ್ಯಾಲ ಸಹಿ ಬಿತ್ತೋ ವರ್ಷಪೂರ್ತಿ ಆ ತಂಡದಾಂವ. ಹಿಂಗಾಗಿ ಆ ದಿನ ಬರೂತನ ಚಲೋ ಆಟಗಾರನ್ನ ಮುಚ್ಚಿಡೂದು ಎಲ್ಲಾ ತಂಡದವ್ರ ರೂಢಿ.

ಆ ವರ್ಷ ಸ್ಟೇಷನ್ ಕಡೀ ತಂಡದ ಯಜಮಾನ ಮೋಟರ್‌ಸೈಕಲ್ ಅಂಗಡಿ ತಗದಿದ್ದ. ಒಂಬತ್ತನೇ ನಂಬರ್ ತನ್ನ ಕಡೆ ಬಂದ್ರ ಅಂಗಡ್ಯಾಗ ಕಾಯಂ ನೌಕರಿ ಅಂತ ಊರೆಲ್ಲಾ ಹಬ್ಬಿಸಿದ. ಸುದ್ದಿ ಕೇಳಿ ಟೇಲರ ಮಷೀನ್ ನಿಲ್ಲಿಸಿ ತಲಿಮ್ಯಾಲ ಕೈ ಹೊತ್ತು ಕುಂತ. ನಮ್ಮ ಹಂತ್ಯಾಕ ಅವಗ ಕೊಡಾಕ ಏನೈತಿ? ಅಷ್ಟಾದ್ರೂ ನನ್ನ ಬಾಯಿ ಸುಮ್ಮನ ಕುಂದ್ರಲಿಲ್ಲ. ಹತ್ತು ಮಂದಿ ಎದುರಿಗೆ, ಅವನ ಸಹಿ ನನ್ನ ಜಬಾಬ್ದಾರಿ, ಆಗಲಿಲ್ಲಂದ್ರ ಈ ಜನ್ಮದಾಗ ಮೈದಾನಕ್ಕ ಕಾಲಿಡಂಗಿಲ್ಲ ಅಂದ್ಬಿಟ್ನಿ.

ಮನಿಗೆ ಬಂದು ಹೆಂಡತಿಗೆ ಹೇಳಿದ್ನಿ. ಆಕಿ ನಕ್ಕಳು. ಸಹಿ ಆಗದಿದ್ರ ಚಲೋನ ಆತಲ್ಲ, ಐತವಾರಕ್ಕೊಮ್ಮೆ ನೀವು ಮನ್ಯಾಗ ಸಿಗತೀರಿ ಅಂದ್ಳು.

೪. ಸತ್ಯದ ದಿನ

ಅವನ್ನ ಸಮಡೋಳಿ ಅನ್ನೂ ಹಳ್ಳಿಗೆ ಒಯ್ದು ನಮ್ಮವ್ವನ ತಂಗಿ, ಮಾವಶಿ ಮನ್ಯಾಗ ಇಟ್ನಿ. ಸಹಿ ದಿನ ಶನಿವಾರ, ಅದಕ್ಕ ಇನ್ನೂ ಹತ್ತು ದಿನ ಇತ್ತು. ನಮ್ಮ ಜೈನರ ಹತ್ತು ದಿನದ ಪರ್ವಾನೂ ಅವತ್ತ ಚಾಲೂ ಆಗಿತ್ತು. ಯಾರಿಗೂ ಸಂಶೇ ಬರಂಗಿಲ್ಲ, ಜಿನಗುಡಿ ಬಸ್ತಿಗೆ ಬಂದ ಪಾವಣ್ಯಾ, ಯಾರೋ ನೆಂಟ ಅಂತ ತಿಳಿತಾರ ಅನ್ನೂದು ನನ್ನ ಲೆಕ್ಕ. ಹೋಗುವಾಗ ತಾಕೀತು ಮಾಡಿದ್ನಿ, ಚೆಂಡು ಕೈಯಾಗ ಹಿಡಿಬ್ಯಾಡ, ಓಡಬ್ಯಾಡ, ಗುರುತು ಸಿಗತೈತಿ, ಮಾವಶಿ ಸಂಗಾಟ ಬಸ್ತಿಗೆ ಹೋಗಿ ಬರೂದು ಅಷ್ಟ ಮಾಡು ಅಂತ.

ಅಂವ ಗರೀಬ ಮನಶ್ಯಾ, ಆತ್ರಿ ಕಾಕಾ ಅಂದ. ಆದ್ರ ಹೊಟ್ಟಿ ಕೇಳಬೇಕಲ್ಲ? ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟಿ ಇಲ್ಲ, ಹೊತ್ತು ಮುಳಗಿದ ಮ್ಯಾಲ ಒಲಿನ ಇಲ್ಲ. ಮೂರನೇ ದಿನ ನೋಡಾಕ ಹೋದ್ರ ಮುಖಾ ಸಣ್ಣದಾಗಿತ್ತು. ಪಾಪ ಅನಿಸ್ತು. ಒಂದು ವಾರ ತಡಿಯಪಾ, ಊರಿಗೆ ಬಂದ ಮ್ಯಾಲ ನಿನಗ ಬೇಕಾದ್ದು ಉಣ್ಣು ಅಂತ ಸಮಾಧಾನ ಮಾಡಿ ಬಂದ್ನಿ.

ಪರ್ವದ ಒಂದೊಂದು ದಿನಾನೂ ಒಂದೊಂದು ಧರ್ಮಕ್ಕ. ಐದನೇ ದಿನ ಸತ್ಯ. ಅವತ್ತ ಸಂಜಿಮುಂದ ವರ್ಕ್‌ಶಾಪಿನ ಬಾಜೂಕ ಇದ್ದ ಅಂಗಡಿಗೆ ಮಾವಶಿ ಫೋನ್ ಬಂತು. ಸ್ಕೂಟರ್ ಮ್ಯಾಲ ಇಬ್ಬರು ಬಂದಿದ್ರು, ಒಂಬತ್ತನೇ ನಂಬರ್ ಇಲ್ಲೆ ಅದಾನೇನು ಅಂತ ಕೇಳಿದ್ರು ಅಂದ್ಳು. ಇಲ್ಲಂತ ಹೇಳಿದಿ ಹೌದಲ್ಲ ಮಾವಶಿ ಅಂತ ಕೇಳಿದ್ನಿ.

ಇವತ್ತ ಹೆಂಗ ಸುಳ್ಳು ಹೇಳ್ಲಿ ಅಂದ್ಳು. ಅದಾನ ಅಂತ ಹೇಳ್ಯಾಳ. ಯಾವಾಗ ಹೋಗತಾನ ಅಂದ್ರ ಶನಿವಾರ ಅಂದಾಳ, ಹೆಂಗ ಅಂದ್ರ ಎರಡರ ಎಸ್‌ಟಿ ಬಸ್ಸಿಗೆ ಅಂದಾಳ. ಮ್ಯಾಲ ಅವರಿಗೆ ಉಪ್ಪಿಟ್ಟು ಮಾಡಿ ಹಾಕ್ಯಾಳ. ಅಲ್ಲಾ ಮಾವಶಿ, ಕೇಳಿದ್ದಕ್ಕ ಕೇಳಿದಷ್ಟು ಹೇಳಬೇಕಿತ್ತು ಅಂತ ನಾ ಅಳೂ ಹಂಗ ಅಂದ್ನಿ.

"ಕೇಳಿದಷ್ಟ ಹೇಳೇನಪಾ. ಕೇಳದ ಹೇಳಿದ್ದು ಒಂದ, ನಿನ್ನ ವರ್ಕ್‌ಶಾಪಿನ ಅಡ್ರೆಸ್."

೫. ಗುಲಾಲು

ಶನಿವಾರ ಎರಡರ ಎಸ್‌ಟಿ ಬಿಟ್ನಿ, ಮುಂಜಾನೆನ ನಮ್ಮ ವರ್ಕ್‌ಶಾಪಿನ ತ್ರೀವ್ಹೀಲರ್ ಟೆಂಪೋ ಒಯ್ದ್ನಿ. ಕಬ್ಬಿಣದ ಸಾಮಾನಿನ ನಡುವ ಅವನ್ನ ಕುಂಡ್ರಿಸಿ ಮ್ಯಾಲ ತಾಡಪತ್ರಿ ಹೊಚ್ಚಿದ್ನಿ. ಎಲ್ಲಾ ಬರೋಬರಿ ಇತ್ತು. ಆದ್ರ ಹಿಂದಿನ ದಿನ ಚಾಲೂ ಆದ ಗಣಪತಿ ಮುಳುಗಿಸೂ ಮೆರವಣಿಗಿ ಮಿರಜದಾಗ ಇನ್ನೂ ಮುಗಿದಿದ್ದಿಲ್ಲ. ರಸ್ತೇ ತುಂಬ ಮಂದಿ, ತಾಸುಗಟ್ಟಲೆ ನಿಂತ್ರೂ ಟೆಂಪೋ ಒಂದು ಗೇಣು ಮುಂದ ಹೋಗವಲ್ದು. ಗಡಿಯಾರ ನೋಡಿದ್ರ ನಾಲ್ಕೂವರಿ.

ಇಳದು ನಡಕೊಂಡ ಹೊಂಟ್ವಿ. ನೂರು ಹೆಜ್ಜಿ ಹೋಗೂದ್ರಾಗ ಇಬ್ಬರ ತಲಿಗೂ ಮುಖಕ್ಕೂ ಗುಲಾಲು ಬಿತ್ತು. ಆಫೀಸಿನ ಬಾಗಲದಾಗ ಸ್ಟೇಷನ್ ಕಡೀ ಇಬ್ಬರು ನಿಂತಿದ್ರು, ಅವರ ಸ್ಕೂಟರ್‌ನೂ ಇತ್ತು. ತಲಿ ಬಗ್ಗಿಸಿ ಅವರ ಮುಂದಿಂದನ ಒಳಗ ಹೋದ್ವಿ. ಕೆಂಪಾದ ಇಬ್ಬರು ಮನಶ್ಯಾರನ್ನ ಯಾರೂ ನೋಡಲಿಲ್ಲ. ಐದಕ್ಕ ಏಳು ನಿಮಿಷ ಇತ್ತು.

ಟೇಬಲ್ ಹಿಂದಿನ ಸಾಹೇಬರು ಫಾರ್ಮಿನ ಮ್ಯಾಲಿನ ಫೋಟೊ ನೋಡಿದ್ರು, ಇವನ ಮುಖಾ ನೋಡಿದ್ರು. ಈ ಫೋಟೊದಾಂವ ಇಂವನ ಅಂತ ಹೆಂಗ ನಂಬಲಿ, ಮುಖಾ ತೊಳಕೊಂಡ ಬಾ ಅಂತ ಮರಾಠ್ಯಾಗ ಹೇಳಿದ್ರು. ನಳಕ್ಕ ನೀರಿಲ್ಲ. ನಾ ನನ್ನ ಅಂಗಿ ಚುಂಗಿಲೆ ಒರೆಸಿದ್ನಿ. ನನ್ನ ಅಂಗೀನೂ ಗುಲಾಲ ಇದ್ದದ್ದಕ್ಕ ಅಂವ ಮತ್ತಿಷ್ಟು ಕೆಂಪಾದ. ಐದಕ್ಕ ಮೂರು ನಿಮಿಷ. ಕಡೀಕ ಸಾಹೇಬರು ಹೆಸರೇನು ಅಂದ್ರು. ಪರ್ವದ ಗುಣನೋ ಏನೋ, ಅಂವ ಇಡೀ ಆಫೀಸಿಗೆ ಕೇಳೂ ಹಂಗ ತನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲಾ ಹೇಳಿದ.

ಬಾಗಲದಾಗಿನ ಇಬ್ಬರೂ ಒಳಗ ನುಗ್ಗಿದ್ರು. ಇಂವನ, ಇಂವನ, ಹಿಡೀರಿ ಅಂದ್ರು. ಸಾಹೇಬರು ಗುರುತು ಸಿಕ್ತು ಅಂದು ಪೆನ್ ಅವನ ಕೈಗೆ ಕೊಟ್ರು.

ಆವಾಗ ಅವರೊಳಗ ಒಬ್ಬಾಂವ ಸಮಾಧಾನಲೆ ಅಂದ, "ಸೋಮವಾರದಿಂದ ನೌಕರಿ ಐತಿ. ವಿಚಾರ ಮಾಡು."

ಪೆನ್ ನಿಂತಿತು. ಸುಳ್ಳ್ಯಾಕ ಹೇಳ್ಲಿ, ಆ ಹೊತ್ತಿನ್ಯಾಗ ನನಗ ನನ್ನ ಮ್ಯಾಲ ಅಸಹ್ಯ ಆತು. ಒಬ್ಬಾಂವನ ಅನ್ನದ ದಾರಿಗೆ ಅಡ್ಡ ನಿಂತೇನಿ, ಅದೂ ಒಂದು ಆಟದ ಸಲುವಾಗಿ. ವಿಚಾರ ಮಾಡಪಾ, ನನ್ನ ಮುಖಾ ನೋಡಬ್ಯಾಡ ಅಂದ್ನಿ. ಹೆಂಗ ಅಂದ್ನೋ ನನಗ ಗೊತ್ತಿಲ್ಲ. ಅಂವ ನನ್ನ ಮುಖಾನ ನೋಡಿದ. ಹತ್ತು ದಿನ ಮಾವಶಿ ಒಂದು ಮಾತು ಕೇಳದ ಉಣ್ಣಾಕ ಹಾಕ್ಯಾಳ್ರಿ ಅಂದ, ನಮ್ಮ ಕಾಗದದ ಮ್ಯಾಲ ಸಹಿ ಮಾಡಿದ. ಸಾಹೇಬರು ಆ ಕಾಗದ ಸ್ಟೇಷನ್ ಕಡೀ ಇಬ್ಬರ ಮುಂದ ಸರಿಸಿ, ಗುರುತು ಹಿಡಿದಾವ್ರು ನೀವ ಅಲ್ಲೇನು, ಸಾಕ್ಷಿ ಅಂತ ಇಲ್ಲೆ ಸಹಿ ಮಾಡ್ರಿ ಅಂದ್ರು.

೬. ಖಾಲಿ ಗೋಲು

ಮರುದಿನ ಐತವಾರ ಮುಂಜಾನೆ ಸ್ಟೇಷನ್ ಕಡೀ ತಂಡದ ಸಂಗಾಟನ ದೋಸ್ತಿ ಮ್ಯಾಚ್ ಇತ್ತು. ಹೆಸರಿಗೆ ದೋಸ್ತಿ. ನಾ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಮುಂದಿನ ಸಾಲಿನ್ಯಾಗ ಕುಂತಿದ್ನಿ. ಹೋದ ಬಂದವ್ರೆಲ್ಲಾ ಬೆನ್ನು ಚಪ್ಪರಿಸಿ, ಕಾಕಾ, ಗಂಡಸು ನೀವು ಅಂದ್ರು.

ಒಂಬತ್ತನೇ ನಂಬರ್ ಕ್ಯಾನ್ವಾಸ್ ಬೂಟು ಹಾಕ್ಕೊಂಡು ಬಂದ. ಓಡಿದ್ದ ಓಡಿದ್ದು. ಹತ್ತು ದಿನ ಕಟ್ಟಿಹಾಕಿದ ಹೋರಿ ಬಿಟ್ಟಂಗ. ಆದ್ರ ಚೆಂಡು ಹಂತ್ಯಾಕ ಬಂತಂದ್ರ ಸರಕ್ಕನ ಬಾಜೂಕ ಸರೀತಿದ್ದ. ಟೇಲರ ನನ್ನ ಕಡೆ ನೋಡಿದ. ಅದು ಹೊಸಾ ಪದ್ಧತಿ, ಇದಿರಿನವ್ರನ್ನ ದಣಿಸಾಕತ್ತಾನ ಅಂತ ನಾ ತಿಳಿಸಿ ಹೇಳಿದ್ನಿ. ಟೇಲರ ಹೂಂ ಅಂತ ತಲಿ ಆಡಿಸಿದ.

ಆಟ ಮುಗಿಯಾಕ ಎರಡು ನಿಮಿಷ ಇತ್ತು, ಎರಡೂ ಕಡೆ ಸೊನ್ನಿ. ನಡುವಿನಿಂದ ಉದ್ದಕ ಚೆಂಡು ಬಂತು. ಅಂವ ಇಬ್ಬರನ್ನ ಹಿಂದ ಹಾಕಿದ. ಅವರ ಗೋಲ್‌ಕೀಪರ ಮುಂದ ಬಂದು ಜಾರಿ ಬಿದ್ದ. ಮುಂದ ಖಾಲಿ ಗೋಲು, ಚೆಂಡು ಅದರ ಮುಂದ ನಿಂತಿತ್ತು, ಒಂದು ಬೆರಳು ತಾಕಿಸಿದ್ರ ಸಾಕು. ಇಡೀ ಮೈದಾನ ಎದ್ದು ನಿಂತಿತು.

ಅಂವ ಓಡಿ ಬಂದ, ಚೆಂಡಿನ ಮ್ಯಾಲಿಂದ ಹಾರಿದ, ಒಬ್ಬನ ಗೋಲಿನೊಳಗ ಹೋಗಿ ನಿಂತ. ತಿರುಗಿ ಚೆಂಡಿಗೆ ಕೈ ಮುಗದ.

ಸೀಟಿ ಊದಿದ ಮ್ಯಾಲ ನಾ ಮೈದಾನದಾಗ ಓಡಿದ್ನಿ. ಅಂವ ತಲಿ ತಗ್ಗಿಸಿ ನಿಂತಿದ್ದ. ಏನಾತೋ ನಿನಗ ಅಂದ್ನಿ. ಚೆಂಡು ಚರ್ಮದ್ದರಿ ಕಾಕಾ, ನಾ ಮುಂದಿನ ವರ್ಷದ ಪರ್ವದ ತನಕ ಚರ್ಮ ಬಿಟ್ಟೇನಿ ಅಂದ. ಎಂಟನೇ ದಿನ ತ್ಯಾಗದ ದಿನ. ಬಸ್ತ್ಯಾಗ ಎಲ್ಲಾರೂ ಒಂದೊಂದು ಬಿಡಾಕ ಹತ್ತಿದ್ರಂತ. ಒಬ್ಬಾಕಿ ಬೆಲ್ಲಾ ಬಿಟ್ಳು, ಒಬ್ಬಾಂವ ಚಹಾ ಬಿಟ್ಟ. ನೀನೂ ಒಂದು ಬಿಡಪಾ, ಮಟನ್ ಬಿಡು ಅಂತ ಮಾವಶಿ ಹೇಳ್ಯಾಳ. ಇಂವ ಭಾಳ ಹೊತ್ತು ವಿಚಾರ ಮಾಡಿ ಎದ್ದು ನಿಂತು ಚರ್ಮ ಬಿಟ್ಟಾನ. ಚೆಂಡಿನ ನೆನಪು ಈಗ ಮೈದಾನಕ್ಕ ಬಂದ ಮ್ಯಾಲ ಆಗೈತಿ.

ಸುತ್ತ ತಂಡದವ್ರೆಲ್ಲಾ ನಿಂತಿದ್ರು. ಪಟ್ಟಿ ಮುಚ್ಚಿತ್ತು, ಬ್ಯಾರೇದಾವನ್ನ ತಗೊಳ್ಳಾಕ ಬರೂದಿಲ್ಲ. ನನಗ ಸಿಟ್ಟೂ ಬಂತು, ಅಳೂನೂ ಬಂತು. ಮಾವಶಿ ಹೇಳಿದಂಗ ಮಟನ್ ಬಿಟ್ಟಿದ್ರ ನಿನ್ನ ಗಂಟೇನ್ ಹೋಗತಿತ್ತೋ ಅಂದ್ನಿ.

ಅಂವ ನನ್ನನ್ನ ಭಾಳ ಬೇಜಾರಲೆ ನೋಡಿದ.

"ಮಟನ್ ಬಿಟ್ರ ಓಡಾಕ ತಾಕತ್ತು ಎಲ್ಲಿಂದ ಬರಬೇಕ್ರಿ ಕಾಕಾ? ನಿಮ್ಮ ಆಟದ ಸಲುವಾಗೇ ಚರ್ಮ ಬಿಟ್ಟೇನಿ."