ಚಿಕ್ಕಪ್ಪನ ಪಾಲು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಗೇಣುದ್ದದ ಒಂದು ಕೆಂಪು ಉಣ್ಣೆಯ ಎಳೆ. ಅದನ್ನು ಬಾಟಲಿಗೆ ಕಟ್ಟಿಸಿದವರು ಗ್ಲಾಸ್ಗೋದ ಹರಾಜು ಮನೆಯಲ್ಲಿ ವಿಸ್ಕಿಗೆ ಬೆಲೆ ಕಟ್ಟುವ ಪೆಟಿಗ್ರೂ ಸಾಹೇಬರು.

"ಹಳೇ ವಿಸ್ಕಿ ಬಿರಡೆ ಹಾಕಿದ್ರೂ ಒಳಗೊಳಗೇ ಆರುತ್ತೆ," ಎಂದು ಅವರು ಫೋನಿನಲ್ಲಿ ಡೂಗಲ್‌ಗೆ ಹೇಳಿದ್ದರು. "ಮಟ್ಟ ಎಲ್ಲಿದೆಯೋ ಅಲ್ಲೊಂದು ದಾರ ಕಟ್ಟಿಡಿ. ಬಾಟ್ಲಿಯ ಕತ್ತಿನಲ್ಲಿದ್ರೆ ಪೂರಾ ಬೆಲೆ, ಭುಜಕ್ಕಿಳಿದ್ರೆ ಅರ್ಧ. ಅರಗಿನ ಮುದ್ರೆ ಒಡೀತೋ, ದೇವರೇ ಗತಿ. ಗುರುವಾರ ಮಧ್ಯಾಹ್ನದ ಹಡಗಿಗೆ ಬರ್ತೀನಿ."

ಡೂಗಲ್‌ನ ಹೆಂಡತಿ ಈಶ್‌ಬೆಲ್ ತಾನು ಹೆಣೆಯುತ್ತಿದ್ದ ಕಾಲುಚೀಲದಿಂದಲೇ ಒಂದೆಳೆ ಕಿತ್ತು ಕಟ್ಟಿದಳು. ಗುರುವಾರ ಬೆಳಗ್ಗೆ ಡೂಗಲ್ ಎದ್ದು ನೋಡಿದರೆ ವಿಸ್ಕಿ ಎಳೆಗಿಂತ ಒಂದು ಬೆರಳು ಕೆಳಗಿತ್ತು. ಅರಗು ಮಾತ್ರ ಹಾಕಿದ ಹಾಗೇ ಇತ್ತು.

ಡೂಗಲ್ ಬಾಟಲಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಹುಟ್ಟಿದಾಗಿನಿಂದ ಕಂಡವರ ದೋಣಿಯಲ್ಲಿ ಏಡಿ ಬುಟ್ಟಿ ಎಳೆದವನು ಅವನು. ಸ್ವಂತದ್ದೊಂದು ದೋಣಿ ಬರುವುದಿದ್ದರೆ ಈ ಬಾಟಲಿಯಿಂದಲೇ ಬರಬೇಕು. ಅವರ ದ್ವೀಪದ ಕಿಲ್‌ವೋರಾ ವಿಸ್ಕಿ ಭಟ್ಟಿ ಮುಚ್ಚಿ ನಲವತ್ತು ವರ್ಷವಾಗಿತ್ತು. ಅದರ ಕೊನೆಯ ಪೀಪಾಯಿಯದ್ದೆಂದು ಉಳಿದಿದ್ದ ಒಂದೇ ಬಾಟಲಿ ಇದು. ಅರಗು ಹಾಕಿದವನು ಅಲ್ಲೇ ದುಡಿದಿದ್ದ ಲಾಕ್ಲನ್ ಚಿಕ್ಕಪ್ಪ. ಹೋದ ಚಳಿಗಾಲದಲ್ಲಿ ಸಾಯುವಾಗ ಅವನು ಡೂಗಲ್‌ನ ಕೈ ಹಿಡಿದು, "ನನ್ನ ವಿಸ್ಕಿಯನ್ನ ನನ್ನ ಗುಂಡಿ ಹತ್ರ ಕುಡೀಬೇಕು. ಮೊದಲ ಗುಟುಕು ನನಗೆ, ಆಮೇಲೆ ಊರಿಗೆ," ಎಂದಿದ್ದ. ಡೂಗಲ್ ಹೂಂಗುಟ್ಟಿದ್ದ. ಆದರೆ ಮಣ್ಣು ಮಾಡುವ ದಿನ, ಸತ್ತವನಿಗೇನು ರುಚಿ ಗೊತ್ತಾಗುತ್ತದೆ ಎಂದುಕೊಂಡು, ಚಿಕ್ಕಪ್ಪನ ಅಡುಗೆಮನೆಯಲ್ಲಿ ಓಟ್ಸ್ ಡಬ್ಬಿಯ ಹಿಂದೆ ಸಿಕ್ಕಿದ ಅಗ್ಗದ ಬಾಟಲಿಯೊಂದನ್ನು ತಂದು ಎಲ್ಲರಿಗೂ ಸುರಿದಿದ್ದ. ಊರು ಅದನ್ನು ಇನ್ನೂ ಮರೆತಿರಲಿಲ್ಲ.

ಬೆಂಕಿಪೊಟ್ಟಣ ಕೇಳಲು ಬಂದು ಆಗಲೇ ಒಲೆಯ ಮುಂದೆ ಕೂತಿದ್ದ ಪಕ್ಕದ ಮನೆಯ ಮುದುಕ ಟಾರ್ಕ್ವಿಲ್ ತಲೆಯಾಡಿಸಿದ. ಅವನೂ ಭಟ್ಟಿಯಲ್ಲಿ ದುಡಿದವನು.

"ಬೆಳಗಿನ ಗುಟುಕು ಕಣೋ ಅದು. ಭಟ್ಟೀಲಿ ನಮಗೆ ದಿನಕ್ಕೆ ಮೂರು ಗುಟುಕು ಕೊಡೋರು. ನಿಮ್ಮ ಚಿಕ್ಕಪ್ಪ ಒಂದನ್ನೂ ಬಿಟ್ಟೋನಲ್ಲ. ನೀನು ಕೊಡ್ಲಿಲ್ಲ, ಅವನೇ ತಗೋತಿದ್ದಾನೆ."

"ಸುಮ್ನಿರು ಮುದುಕಾ!" ಎಂದನೇನೋ ಡೂಗಲ್, ಆದರೆ ಧ್ವನಿ ಹಳೇ ಬಾಗಿಲಿನಂತೆ ಕಿರುಗುಟ್ಟಿತು.

ಸಾಹೇಬರು ಬರುತ್ತಾರೆಂದು ಅವನು ತನ್ನ ಒಂದೇ ಒಂದು ಕರಿ ಕೋಟು ತೊಟ್ಟುಕೊಂಡು, ಬಾಟಲಿಯನ್ನು ಎದೆಗವಚಿ ಚರ್ಚಿಗೆ ಓಡಿದ. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ತನ್ನ ಬೂಟು ತನಗೇ ಕಾಣುತ್ತಿರಲಿಲ್ಲ. ಹಿಂದೆ ಯಾರೋ ನಡೆದು ಬಂದಂತಾಯಿತು. ನಿಂತರೆ ಅವರೂ ನಿಂತರು.

"ದೆವ್ವ ಗಿವ್ವ ಏನಿಲ್ಲಪ್ಪ," ಎಂದು ನಕ್ಕ ಪಾದ್ರಿಗಳು ಬಾಟಲಿಯನ್ನು ಚರ್ಚಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಇಬ್ಬರೂ ಎದುರಿಗೇ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಟಾರ್ಕ್ವಿಲ್ ಕೂಡ ಬಂದು ಸೇರಿಕೊಂಡ. ಒಲೆಯಿಲ್ಲದ ಆ ಕೋಣೆಯಲ್ಲಿ ಎಲ್ಲಿಂದಲೋ ಭಟ್ಟಿಯ ಹೊಗೆಯ ವಾಸನೆ ಬಂತು. ಮೂವರೂ ಮುಖ ಮುಖ ನೋಡಿಕೊಂಡರು.

ಪಾದ್ರಿಗಳು ಬೀಗ ತೆಗೆದರು. ವಿಸ್ಕಿ ಎಳೆಗಿಂತ ಮೂರು ಬೆರಳು ಕೆಳಗಿತ್ತು.

"ಮಧ್ಯಾಹ್ನದ್ದೂ ಆಯ್ತು," ಎಂದ ಟಾರ್ಕ್ವಿಲ್. ಈ ಸಲ ಅವನ ಮುಖವೂ ಬಿಳಿಚಿಕೊಂಡಿತ್ತು.

ಪಾದ್ರಿಗಳು ನಗಲಿಲ್ಲ. "ಮಾತು ಕೊಟ್ಟಿದ್ದೆ ತಾನೆ? ನಡೆಸ್ಬಿಡು ಮಗನೇ."

"ದೋಣಿ, ಪಾದ್ರಿಗಳೇ! ನನ್ನ ದೋಣಿ!" ಡೂಗಲ್‌ಗೆ ಅಳುವೇ ಬಂತು.

"ಸಂಜೆ ಹೊತ್ತಿಗೆ ಖಾಲಿ ಬಾಟ್ಲಿ ಮಾರ್ತೀಯೇನು?" ಎಂದ ಟಾರ್ಕ್ವಿಲ್. "ಒಂದು ಗುಟುಕು ಅವನಿಗೆ ಕೊಡು, ಉಳಿದಿದ್ದಾದ್ರೂ ಉಳಿಯುತ್ತೆ. ಭಟ್ಟಿ ಮುದ್ರೆ ಇನ್ನೂ ನನ್ನ ಹತ್ರಾನೇ ಇದೆ, ತಿರುಗಿ ಅರಗು ಹಾಕ್ಕೊಡ್ತೀನಿ." ಪಾದ್ರಿಗಳು ಆ ಮಾತು ಕೇಳಿಸದವರಂತೆ ಕಿಟಕಿಯ ಕಡೆ ತಿರುಗಿದರು.

ಸಮಾಧಿಯ ಬಳಿ ಡೂಗಲ್ ಎಳೆಯನ್ನು ಕಿತ್ತು ಹುಲ್ಲಿಗೆಸೆದು, ಅರಗು ಒಡೆದ. ಮೊದಲ ಗುಟುಕು ಮಣ್ಣಿಗೆ. ಎರಡನೆಯದನ್ನು ಟಾರ್ಕ್ವಿಲ್ ತಡೆಯಲಾರದೆ ತನ್ನ ಬಾಯಿಗೇ ಸುರಿದುಕೊಂಡ, ಸುರಿದುಕೊಂಡದ್ದೇ ಥೂ ಎಂದು ಉಗಿದ.

"ಚಹಾ! ತಣ್ಣಗಿನ ಚಹಾ ಕಣೋ ಇದು!"

ಅಷ್ಟರಲ್ಲಿ ಈಶ್‌ಬೆಲ್ ಪೆಟಿಗ್ರೂ ಸಾಹೇಬರನ್ನು ಮಂಜಿನೊಳಗಿಂದ ಕರೆತಂದಳು. ಅವರು ಬಾಟಲಿ ಮೂಸಿ, ಅಂಥದ್ದೇನೂ ಆಗಿಲ್ಲವೆಂಬಂತೆ ಕೆಳಗಿಟ್ಟರು. "ಇದು ಭಟ್ಟಿಯವರ ಹಳೇ ಉಪಾಯ. ಕಣ್ಣಿಗೆ ಬೀಳೋದಕ್ಕೆ ಚಹಾ ತುಂಬಿ ಅರಗು ಹಾಕ್ತಾರೆ. ಒಳ್ಳೇದನ್ನ ಯಾರೂ ಮೂಸಿ ನೋಡದಂಥ ಅಗ್ಗದ ಬಾಟ್ಲಿಗೆ ಹಾಕಿ ಬಚ್ಚಿಡ್ತಾರೆ. ನಿಮ್ಮ ಚಿಕ್ಕಪ್ಪನ ಮನೇಲಿ ಅಂಥದ್ದೇನಾದ್ರೂ..."

ಡೂಗಲ್‌ನ ಕೈ ತಾನೇ ತಾನಾಗಿ ಕರಿ ಕೋಟಿನ ಒಳಜೇಬಿಗೆ ಹೋಯಿತು. ಆ ಕೋಟನ್ನು ಅವನು ಹಿಂದೆ ತೊಟ್ಟಿದ್ದು ಚಿಕ್ಕಪ್ಪನನ್ನು ಮಣ್ಣು ಮಾಡಿದ ದಿನ. ಓಟ್ಸ್ ಡಬ್ಬಿಯ ಹಿಂದಿನ ಬಾಟಲಿ ಅಂದಿನಿಂದ ಅಲ್ಲೇ ಇತ್ತು; ಬೆಳಗಿನ ಗಡಿಬಿಡಿಯಲ್ಲಿ ಅದರ ಭಾರ ಅವನಿಗೆ ಗೊತ್ತಾಗಿರಲಿಲ್ಲ. ತಳದಲ್ಲಿ ಒಂದೇ ಒಂದು ಗುಟುಕು.

ಸಾಹೇಬರು ಅದನ್ನು ನಾಲಿಗೆಗೆ ಬಿಟ್ಟುಕೊಂಡು ಕಣ್ಣು ಮುಚ್ಚಿದರು. ತೆರೆದಾಗ ಕಣ್ಣು ಒದ್ದೆಯಾಗಿತ್ತು.

"ಕಿಲ್‌ವೋರಾ! ಉಳಿದಿದ್ದು ಎಲ್ರೀ?"

"ಊರು ಕುಡೀತು," ಎಂದಳು ಈಶ್‌ಬೆಲ್. "ಅರ್ಧ ಇಲ್ಲಿ ಮಣ್ಣಿಗೆ ಹೋಯ್ತು. ಆವತ್ತು ಮಳೆಗೆ ನಮ್ಮ ಯಜಮಾನ್ರ ಕೈ ಜಾರಿತ್ತು."

"ಒಂದು ದೋಣಿ ಬರ್ತಿತ್ತಲ್ರೀ," ಎಂದು ಸಾಹೇಬರು ಸಮಾಧಿಗೆ ಟೋಪಿ ತೆಗೆದು ನಮಿಸಿ, ಬಂದ ಹಡಗಿಗೇ ಹಿಂದಿರುಗಲು ಹೊರಟರು. ಈಶ್‌ಬೆಲ್ ದಾರಿ ತೋರಿಸಲು ಹೋದಳು.

ಟಾರ್ಕ್ವಿಲ್ ಗಂಟಲು ಸರಿಮಾಡಿಕೊಂಡ. "ತಪ್ಪಾಯ್ತು ಕಣೋ. ಬೆಳಗ್ಗೆ ಎಳೆಯನ್ನ ಒಂದು ಬೆರಳು ಮೇಲಕ್ಕೆ ಸರಿಸಿದ್ದು ನಾನೇ. ಹೆದರಿ ಬಾಟ್ಲಿ ತೆಗೀತೀಯ, ನಮಗೂ ಒಂದು ಗುಟುಕು ಸಿಗುತ್ತೆ ಅಂತ."

"ಮತ್ತೆ ಬೀರೂಲಿ ಸರಿಸಿದ್ದು?"

"ಬೀರೂದು ನನಗೇನು ಗೊತ್ತು? ಕೀಲಿ ಪಾದ್ರಿಗಳ ಜೇಬಲ್ಲಿತ್ತು."

ಇಬ್ಬರೂ ಪಾದ್ರಿಗಳ ಕಡೆ ನೋಡಿದರು. ಅವರು ಬೆರಳು ಮಾಡಿ ಸಮಾಧಿಕಲ್ಲನ್ನು ತೋರಿಸಿದರು.

ಸಾಹೇಬರು ಕಲ್ಲಿನ ಮೇಲಿಟ್ಟು ಹೋಗಿದ್ದ ಅಗ್ಗದ ಬಾಟಲಿಯ ಕತ್ತಿಗೆ, ಡೂಗಲ್ ಹುಲ್ಲಿಗೆಸೆದಿದ್ದ ಕೆಂಪು ಎಳೆ ಕಟ್ಟಿತ್ತು. ಭಟ್ಟಿಯವರು ಪೀಪಾಯಿಗೆ ಹಾಕುತ್ತಿದ್ದ ಎರಡು ಸುತ್ತಿನ ಗಂಟು. ಎಳೆಯಿಂದ ಕೆಳಗೆ, ತಳದವರೆಗೆ, ಬಾಟಲಿ ಖಾಲಿ. ಆ ಖಾಲಿ ಜಾಗದಲ್ಲಿ ಡೂಗಲ್, ಊರು ಕುಡಿದು ಮುಗಿಸಿದ ತನ್ನ ದೋಣಿಯನ್ನು ಅಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ.